ಬಿದ್ದು ಮುರಿಯಿತೇ, ಮುರಿದು ಬಿತ್ತೇ?

ಅಲ್ಟ್ರಾಲೈಟ್, ಅಂದರೆ ಒಬ್ಬರೋ ಇಬ್ಬರೋ ಕೂರುವ ತೀರಾ ಹಗುರ ವಿಮಾನಗಳ ಅಪಘಾತದ ತನಿಖೆ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಅಲ್ಟ್ರಾಲೈಟ್ ಬಿದ್ದು ಪೈಲಟ್ ತೀರಿಕೊಂಡ ಜಾಗಕ್ಕೆ ಮೊದಲು ತಲುಪಿದವರು ಏನು ಮಾಡಬೇಕು?

ಉತ್ತರ: ಹತ್ತಿರ ಹೋಗುವ ಮುಂಚೆಯೇ ಪ್ಯಾರಾಚೂಟ್ ಇದೆಯೇ ನೋಡಿ. ಇಂಥ ಅನೇಕ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದೆ, ಅದನ್ನು ಹೊರಗೆಳೆಯುವುದು ಘನ ಇಂಧನದ ಪುಟ್ಟ ರಾಕೆಟ್. ಪೈಲಟ್ ಹಿಡಿಕೆ ಎಳೆಯದಿದ್ದರೆ ಆ ರಾಕೆಟ್ ಸಿಡಿಯದೆ ಒಳಗೇ ಉಳಿದಿರುತ್ತದೆ. ಚೌಕಟ್ಟು ಸೊಟ್ಟಗಾಗಿ ಹಿಡಿಕೆಯ ಕೇಬಲ್ ಬಿಗಿದುಕೊಂಡಿದ್ದರೆ, ಒಂದು ಕೊಳವೆ ಎತ್ತಿದರೂ ಅದು ಹಾರಬಹುದು. ಅದರ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಹಿಡಿಕೆಗೆ ಪಿನ್ ಹಾಕಿದ ಮಾತ್ರಕ್ಕೆ ಅಪಾಯ ಕಳೆಯಲಿಲ್ಲ. ಬಿಗಿದಿರುವುದು ಕೇಬಲ್ಲಿನ ನಡುಭಾಗವಿರಬಹುದು. ನಿಷ್ಕ್ರಿಯಗೊಳಿಸುವುದು ತರಬೇತಿ ಪಡೆದವರ ಕೆಲಸ.

ಒಳಗಿರುವ ಯಾರಿಗಾದರೂ ಜೀವವಿದ್ದರೆ ಉಳಿಸುವುದೇ ಮೊದಲು. ಅದಕ್ಕಾಗಿ ವಿಮಾನದ ಬೇರೆ ಕೇಬಲ್ (ರಾಕೆಟ್ಟಿನದಲ್ಲ) ಕತ್ತರಿಸಬೇಕಾದರೂ ಹಿಂಜರಿಯಬೇಡಿ, ಆದರೆ ಎಲ್ಲಿ ಕತ್ತರಿಸಿದಿರಿ ಎಂದು ಬರೆದಿಡಿ. ಉಳಿದದ್ದನ್ನು ಮುಟ್ಟಬೇಡಿ. ಸುತ್ತಲೂ ಎಂಟು ದಿಕ್ಕಿನಿಂದ ಫೋಟೊ ತೆಗೆಯಿರಿ. ಥ್ರಾಟಲ್ (ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಕೆ), ಇಂಧನದ ವಾಲ್ವ್, ಇಗ್ನಿಷನ್ ಸ್ವಿಚ್ ಯಾವ ಸ್ಥಿತಿಯಲ್ಲಿವೆ ಎಂಬುದು ಫೋಟೊದಲ್ಲಿ ಬರಲಿ. ಬೆಂಕಿಯ ಭಯದಿಂದ ವಾಲ್ವ್ ಮುಚ್ಚಿದರೆ, ಮುಚ್ಚುವ ಮುನ್ನ ಅದು ಹೇಗಿತ್ತು ಎಂದು ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನೆಲಕ್ಕೆ ಬಡಿಯುವಾಗ ಎಂಜಿನ್ ಓಡುತ್ತಿತ್ತೋ ಇಲ್ಲವೋ ಹೇಗೆ ತಿಳಿಯುತ್ತದೆ?

ಉತ್ತರ: ಪ್ರೊಪೆಲ್ಲರ್ ಹೇಳುತ್ತದೆ. ಶಕ್ತಿಯಿಂದ ತಿರುಗುತ್ತಿದ್ದ ಮರದ ಅಥವಾ ಕಾಂಪೊಸಿಟ್ (ನಾರು, ಅಂಟು ಸೇರಿಸಿ ಮಾಡಿದ) ಪ್ರೊಪೆಲ್ಲರ್ ಚೂರುಚೂರಾಗಿ ದೂರಕ್ಕೆ ಚಿಮ್ಮುತ್ತದೆ, ಎಲ್ಲ ಅಲಗುಗಳೂ ಬುಡದ ಹತ್ತಿರ ಮುರಿದಿರುತ್ತವೆ. ನಿಂತಿದ್ದರೆ ಸಾಮಾನ್ಯವಾಗಿ ನೆಲಕ್ಕೆ ತಾಗಿದ ಅಲಗು ಮಾತ್ರ ಮುರಿದು, ಇನ್ನೊಂದು ಉಳಿದುಕೊಳ್ಳುತ್ತದೆ.

ಮೆದು ಮಣ್ಣಾದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಅಲಗುಗಳು ಒಂದರ ಹಿಂದೊಂದು ಮಣ್ಣನ್ನು ಸೀಳಿದ ಗುರುತುಗಳ ಅಂತರ ಅಳೆಯಿರಿ. ಎಂಜಿನ್ ನಿಮಿಷಕ್ಕೆ 6000 ಸುತ್ತು, ಗೇರ್‌ಬಾಕ್ಸ್ ಅನುಪಾತ 2.58 (ಎಂಜಿನ್ 2.58 ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು) ಎಂದಾದರೆ ಪ್ರೊಪೆಲ್ಲರ್ ಸುಮಾರು 2325 ಸುತ್ತು ತಿರುಗುತ್ತದೆ. ಎರಡು ಅಲಗಿದ್ದರೆ ಸೆಕೆಂಡಿಗೆ 77ಕ್ಕಿಂತ ತುಸು ಹೆಚ್ಚು ಹೊಡೆತ. ವೇಗ ಗಂಟೆಗೆ 90 ಕಿ.ಮೀ. ಇದ್ದರೆ ಗುರುತುಗಳ ನಡುವೆ ಸುಮಾರು 32 ಸೆಂ.ಮೀ. ವೇಗ ಬೇರೆ ಕಡೆಯಿಂದ ಗೊತ್ತಿದ್ದರೆ ಸುತ್ತುಗಳನ್ನು, ಸುತ್ತು ಗೊತ್ತಿದ್ದರೆ ವೇಗವನ್ನು ಹೀಗೆಯೇ ಹಿಂದಕ್ಕೆ ಲೆಕ್ಕ ಹಾಕಬಹುದು. ಒಂದು ಮಳೆ ಬಂದರೆ ಈ ಗುರುತು ಹೋಗಿಬಿಡುತ್ತದೆ. ಮೊದಲ ದಿನವೇ ಅಳೆಯಿರಿ.

ಪ್ರಶ್ನೆ: ರೆಕ್ಕೆ ಕಳಚಿಕೊಂಡಿತ್ತು. ಅದು ಆಕಾಶದಲ್ಲೇ ಕಳಚಿತೋ, ಬಿದ್ದ ಮೇಲೋ?

ಉತ್ತರ: ಮೊದಲು ನಾಲ್ಕು ತುದಿ ಹುಡುಕಿ: ಮೂತಿ, ಬಾಲ, ಎರಡು ರೆಕ್ಕೆಗಳ ಕೊನೆ. ನಾಲ್ಕೂ ಒಂದೇ ಕಡೆ ಸಿಕ್ಕಿದರೆ ವಿಮಾನ ಬಹುತೇಕ ಇಡಿಯಾಗಿಯೇ ಬಿದ್ದಿದೆ. ಚೂರುಗಳು ಬಂದ ದಾರಿಯುದ್ದಕ್ಕೂ ಚೆಲ್ಲಿದ್ದು, ಹಗುರವಾದ ಬಟ್ಟೆಯ ತುಂಡುಗಳು ಗಾಳಿ ಬೀಸಿದ ಕಡೆ ಸರಿದಿದ್ದರೆ ಮೇಲೆಯೇ ಒಡೆದಿದೆ.

ಆಮೇಲೆ ಕೀಲುಗಳು. ಬೋಲ್ಟ್ ಹಾಕುವ ತೂತು ಒಂದು ಕಡೆಗೆ ಎಳೆದು ಉದ್ದವಾಗಿದ್ದರೆ ಬೋಲ್ಟ್ ಅಲ್ಲಿತ್ತು, ಭಾರ ಹೊತ್ತಿತ್ತು, ಆಮೇಲೆ ಕಿತ್ತುಬಂತು. ತೂತು ಗುಂಡಗೆ ಹಾಗೇ ಇದ್ದು ಬೋಲ್ಟ್ ಮಾತ್ರ ಇಲ್ಲವೆಂದರೆ ಎದೆ ಝಲ್ಲೆನ್ನಬೇಕು: ಅದನ್ನು ಹಾಕಿರಲೇ ಇಲ್ಲ, ಇಲ್ಲವೇ ಸೇಫ್ಟಿ ಪಿನ್ ಇಲ್ಲದ ನಟ್ ಅದುರಿ ಅದುರಿ ಬಿಚ್ಚಿಕೊಂಡಿದೆ. ರೆಕ್ಕೆ ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವ ವಿಮಾನಗಳಲ್ಲಿ ಈ ತಪ್ಪಿಗೆ ಅವಕಾಶ ಹೆಚ್ಚು.

ಹೊಡೆತಕ್ಕೆ ತುಂಡಾದ ಉಕ್ಕಿನ ಕೇಬಲ್ ಪೊರಕೆಯ ಹಾಗೆ ಕೆದರಿ, ಎಳೆಗಳ ತುದಿ ಸಣ್ಣಗಾಗಿರುತ್ತದೆ. ಪುಲ್ಲಿಯ ಮೇಲೆ ಬಾಗಿ ಬಾಗಿ ದಣಿದ ಕೇಬಲ್ಲಿನಲ್ಲಿ ಎಷ್ಟೋ ಎಳೆಗಳು ಚಪ್ಪಟೆಯಾಗಿ, ಮೊದಲೇ ತುಂಡಾಗಿರುತ್ತವೆ. ದಣಿದು ಮುರಿದ ಲೋಹದ ಮೈಮೇಲೆ, ಮರಳ ದಂಡೆಯಲ್ಲಿ ಅಲೆ ಸರಿದಂತೆ ಬಾಗಿದ ಗೆರೆಗಳು ಕಾಣಬಹುದು. ಮುರಿದ ಎರಡು ಮುಖಗಳನ್ನು ಹೊಂದುತ್ತವೆಯೇ ಎಂದು ಜೋಡಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ, ಆ ಗೆರೆಗಳು ಉಜ್ಜಿ ಅಳಿಸಿಹೋಗುತ್ತವೆ. ತೊಳೆಯಲೂ ಬೇಡಿ.

ಪ್ರಶ್ನೆ: ಎಂಜಿನ್ ನಿಂತಿತ್ತು ಎನ್ನುತ್ತಾರೆ. ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿದೆ. ಹೇಗೆ?

ಉತ್ತರ: ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನೊಳಗಿನ ಮಂಜುಗಡ್ಡೆ ತನಿಖೆಯವರು ಬರುವಷ್ಟರಲ್ಲಿ ಕರಗಿರುತ್ತದೆ. ಹೊರಗೆ 15 ಡಿಗ್ರಿ ಇದ್ದರೂ, ತೇವ ಹೆಚ್ಚಿದ್ದರೆ ಒಳಗೆ ಹಿಮ ಕಟ್ಟಬಲ್ಲದು, ಅದರಲ್ಲೂ ಥ್ರಾಟಲ್ ಇಳಿಸಿ ಕೆಳಗಿಳಿಯುವಾಗ. ಆಗ ಸಾಕ್ಷಿ ಸಿಗುವುದು ಆ ಹೊತ್ತಿನ ತಾಪಮಾನ, ತೇವಾಂಶದ ದಾಖಲೆಯಲ್ಲಿ. ಇಂಧನವನ್ನೂ ಬಿಡಬೇಡಿ: ಟ್ಯಾಂಕ್, ಕಾರ್ಬ್ಯುರೇಟರ್ ಬಟ್ಟಲು, ತುಂಬಿಸಿದ ಕ್ಯಾನ್, ಮೂರರಿಂದಲೂ ಬೇರೆ ಬೇರೆ ಸ್ಯಾಂಪಲ್ ಬೇಕು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವುದಾದರೆ ಅದರ ಪ್ರಮಾಣ, ಸಾಮಾನ್ಯವಾಗಿ 50ಕ್ಕೆ 1, ಸರಿಯಿತ್ತೇ ನೋಡಬೇಕು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಗೀರುಬಿದ್ದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಬ್ಲ್ಯಾಕ್ ಬಾಕ್ಸ್ ಇಲ್ಲವಲ್ಲ?

ಉತ್ತರ: ಜಿಪಿಎಸ್, ಡಿಜಿಟಲ್ ಮೀಟರ್, ಪೈಲಟ್ಟಿನ ಫೋನ್, ಹೆಲ್ಮೆಟ್ ಕ್ಯಾಮೆರಾ ಇರಬಹುದು. ಯಾವುದನ್ನೂ ಆನ್ ಮಾಡಬೇಡಿ, ಹಳೆಯ ದಾಖಲೆಯ ಮೇಲೆ ಹೊಸದು ಬರೆದುಕೊಳ್ಳಬಹುದು. ಪ್ರಯೋಗಾಲಯದಲ್ಲಿ ನೇರವಾಗಿ ಚಿಪ್‌ನಿಂದಲೇ ಓದಲು ಸಾಧ್ಯ.

ಪ್ರಶ್ನೆ: ನಮ್ಮ ಮನೆಯವರ ಅಪಘಾತದ ವರದಿಯಲ್ಲಿ "ಪೈಲಟ್ ತಪ್ಪು" ಎಂದಷ್ಟೇ ಇದೆ. ಒಪ್ಪಬೇಕೇ?

ಉತ್ತರ: ಅಷ್ಟಕ್ಕೇ ನಿಲ್ಲುವ ವರದಿ ಅರ್ಧ ವರದಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮತ್ತೆ ಹೀಗಾಗದಂತೆ ತಡೆಯುವುದು, ತಪ್ಪು ಹೊರಿಸುವುದಲ್ಲ. ಉದಾಹರಣೆಗೆ, ಕಡಿಮೆ ಎತ್ತರದಲ್ಲಿ ತಿರುಗುವಾಗ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು, ಬಿತ್ತು ಎನ್ನೋಣ. ಎತ್ತರ ಕಳೆಯದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಗಳ ಮೇಲಿನ ಭಾರ ಎರಡು ಪಟ್ಟು, ಸ್ಟಾಲ್ ವೇಗ ಶೇ. 41ರಷ್ಟು ಹೆಚ್ಚು. ಅಲ್ಟ್ರಾಲೈಟ್ ಹಗುರ, ಗಾಳಿಯ ಎಳೆತ ಜಾಸ್ತಿ. ಎಂಜಿನ್ ನಿಂತರೆ ವೇಗ ಕ್ಷಣಗಳಲ್ಲಿ ಬೀಳುತ್ತದೆ. ಹಾಗಾದರೆ ಅವರು ಏಕೆ ತಿರುಗಿದರು? ಎಂಜಿನ್ ಕೈಕೊಟ್ಟಿತೇ? ಇಬ್ಬರ ತೂಕ, ಇಂಧನ, ಚೀಲ ಸೇರಿ ಒಟ್ಟು ಭಾರ ಮಿತಿಯೊಳಗಿತ್ತೇ? ವೇಗದ ಮೀಟರ್ ಸರಿ ತೋರಿಸುತ್ತಿತ್ತೇ? ಮರಣೋತ್ತರ ಪರೀಕ್ಷೆಯಲ್ಲಿ ಹೃದಯವನ್ನೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡನ್ನೂ ನೋಡಿದರೇ? ಈ ಪ್ರಶ್ನೆಗಳನ್ನು ತನಿಖಾಧಿಕಾರಿಗೆ ಬರವಣಿಗೆಯಲ್ಲೇ ಕೊಡಿ. ಅವಶೇಷವನ್ನು ಗುಜರಿಗೆ ಹಾಕಲು ಒಪ್ಪಿಗೆ ಕೇಳಿದರೆ, ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.