ಎರಡು ಹಳೇ ಹಂಬಕರ್‌ಗಳಿಂದ ಒಂದು ಹೈಬ್ರಿಡ್ ಪಿಕಪ್ ಮಾಡಬಹುದಾ? ಹಮ್ ವಾಪಸ್ ಬರುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಿಮ್ಮ ಹತ್ತಿರ ಎರಡು ಹಂಬಕರ್ ಇವೆ, ಅಂದರೆ ಹಮ್ (ಕರೆಂಟಿನ ಗುಂಯ್ ಸದ್ದು) ಕಳೆಯಲು ಎರಡು ಕಾಯಿಲ್ ಹಾಕಿದ ಎಲೆಕ್ಟ್ರಿಕ್ ಗಿಟಾರ್ ಪಿಕಪ್‌ಗಳು; ಪಿಕಪ್ ಅಂದರೆ ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ. ಒಂದು 8.2 ಕಿಲೋ ಓಮ್, ಇನ್ನೊಂದು 14. ಮೊದಲನೆಯದು ಬ್ರಿಜ್ ಕಡೆ (ತಂತಿಗಳು ಗಿಟಾರ್‌ನ ಮೈಗೆ ಸೇರುವ ಕಡೆ) ಹಾಕಿದರೆ ತೆಳ್ಳಗೆ ಕೇಳುತ್ತದೆ. ಎರಡನೆಯದಕ್ಕೆ ಜೋರು ಇದೆ, ಆದರೆ ಡಿಸ್ಟಾರ್ಷನ್ ಹಾಕಿದ ಕೂಡಲೇ ದಪ್ಪ ತಂತಿಗಳು ಮಂಕಾಗುತ್ತವೆ. ಎರಡರಿಂದಲೂ ಒಂದೊಂದು ಕಾಯಿಲ್ ತೆಗೆದು ಜೋಡಿಸಿದರೆ ಹೇಗೆ, ಹಮ್ ಕ್ಯಾನ್ಸಲ್ ಆಗುವುದು ನಿಂತುಹೋಗುತ್ತದಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಮಾಡಬಹುದು. ನಾನೂ ಮಾಡಿದ್ದೇನೆ, ನಾಲ್ಕು ವರ್ಷದಿಂದ ನನ್ನ ಗಿಟಾರ್‌ನ ಬ್ರಿಜ್ ಕಡೆ ಅದೇ ಕೂತಿದೆ. ಸೆಮೋರ್ ಡಂಕನ್ ಕಂಪನಿ ಇದೇ ಉಪಾಯದಿಂದ ತನ್ನ '59' ಪಿಕಪ್‌ನ ಒಂದು ಕಾಯಿಲ್ ಮತ್ತು 'ಕಸ್ಟಮ್' ಪಿಕಪ್‌ನ ಒಂದು ಕಾಯಿಲ್ ಸೇರಿಸಿ ಹೈಬ್ರಿಡ್ ಅಂತಲೇ ಮಾರುತ್ತದೆ. ಹಾಗಾಗಿ ನಿಮ್ಮದು ಹುಚ್ಚು ಯೋಚನೆ ಏನಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓಮ್ ನೋಡಿ ಹೆದರಬೇಡಿ, ಸುತ್ತು ಲೆಕ್ಕ ಹಾಕಿ. ಮಲ್ಟಿಮೀಟರ್ ಹಿಡಿದರೆ ಒಂದು ಕಾಯಿಲ್ 4.1, ಇನ್ನೊಂದು 7 ಅಂತ ತೋರಿಸುತ್ತದೆ. ಅಬ್ಬಾ, ಎಷ್ಟು ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಆದರೆ ಎರಡರ ವೈರ್ ಬೇರೆ ಬೇರೆ. 8 ಕಿಲೋ ಓಮ್ ಆಸುಪಾಸಿನ ಹಂಬಕರ್‌ನಲ್ಲಿ ಸಾಮಾನ್ಯವಾಗಿ 42 ಗೇಜ್ ವೈರ್ ಇರುತ್ತದೆ, ದಪ್ಪ ಸುಮಾರು 0.063 ಮಿಲಿಮೀಟರ್. ಒಂದು ಕಾಯಿಲ್‌ಗೆ ಸುಮಾರು 5000 ಸುತ್ತು. ಅದೇ ವೈರ್‌ನಲ್ಲಿ 7 ಕಿಲೋ ಓಮ್ ಬರುವಷ್ಟು ಸುತ್ತಿದರೆ ಬಾಬಿನ್‌ನಲ್ಲಿ (ವೈರ್ ಸುತ್ತುವ ಚೌಕಟ್ಟಿನಲ್ಲಿ) ಹಿಡಿಸುವುದಿಲ್ಲ. ಅದಕ್ಕೇ 14ರ ಪಿಕಪ್‌ಗೆ 43 ಗೇಜ್ ಅಥವಾ ಇನ್ನೂ ಸಣ್ಣ ವೈರ್ ಹಾಕುತ್ತಾರೆ. 43 ಗೇಜ್‌ನಲ್ಲಿ ಅಷ್ಟೇ ಉದ್ದಕ್ಕೆ ಓಮ್ ಕಾಲು ಭಾಗದಷ್ಟು ಜಾಸ್ತಿ. ಆ ಲೆಕ್ಕದಲ್ಲಿ ನಿಮ್ಮ 7 ಕಿಲೋ ಓಮ್ ಕಾಯಿಲ್‌ನಲ್ಲಿ ಹೆಚ್ಚುಕಡಿಮೆ 6750 ಸುತ್ತು ಇರಬಹುದು. ಓಮ್ ಲೆಕ್ಕದಲ್ಲಿ ವ್ಯತ್ಯಾಸ ನೂರಕ್ಕೆ 70, ಸುತ್ತಿನ ಲೆಕ್ಕದಲ್ಲಿ 35 ಮಾತ್ರ.

ಹಮ್ ಹಿಡಿಯುವುದು ಸುತ್ತು, ಓಮ್ ಅಲ್ಲ. 5000 ಸುತ್ತಿನ ಹಮ್ಮನ್ನು ಇನ್ನೊಂದು ಕಾಯಿಲ್‌ನ 5000 ಸುತ್ತು ಹೊಡೆದುಹಾಕುತ್ತದೆ. ಉಳಿಯುವುದು 1750 ಸುತ್ತಿನ ಹಮ್. ಫೆಂಡರ್ ಸ್ಟ್ರಾಟ್ ಗಿಟಾರ್‌ನ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ 7600ರಿಂದ 8000 ಸುತ್ತು ಇರುತ್ತದೆ. ಅಂದರೆ ಅದರ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಮನೆ ಹಳೆಯದು, ಅರ್ಥಿಂಗ್ ಅಷ್ಟಕ್ಕಷ್ಟೇ, ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಸ್ಟ್ರಾಟ್ ನುಡಿಸುವ ಹಾಗೇ ಇಲ್ಲ. ಆ ಮನೆಯಲ್ಲೂ ಹೈಬ್ರಿಡ್ ನನಗೆ ತೊಂದರೆ ಕೊಟ್ಟಿಲ್ಲ. ಗೇನ್ ಪೂರ್ತಿ ಏರಿಸಿ ಕೈ ತೆಗೆದರೆ ಸಣ್ಣಗೆ ಗುಂಯ್ ಅನ್ನುತ್ತದೆ, ಅಷ್ಟೇ.

ಇನ್ನು ಶಬ್ದದ ವಿಷಯ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಭಾಗ ಇದೇ.

ಹಂಬಕರ್‌ನ ಎರಡು ಕಾಯಿಲ್‌ಗಳ ನಡುವೆ ಸುಮಾರು 18 ಮಿಲಿಮೀಟರ್ ಅಂತರ. ತಂತಿ ಮೀಟಿದಾಗ ಅದರಲ್ಲಿ ಒಂದು ದೊಡ್ಡ ಅಲೆ ಮಾತ್ರ ಇರುವುದಿಲ್ಲ, ಅದರ ಮೇಲೆ ಸಣ್ಣ ಸಣ್ಣ ಅಲೆಗಳೂ ಇರುತ್ತವೆ. ಅವುಗಳಲ್ಲಿ ಯಾವುದೋ ಒಂದು ಅಲೆ ಮೊದಲ ಕಾಯಿಲ್ ಮೇಲೆ ಏರುತ್ತಿರುವಾಗ ಎರಡನೇ ಕಾಯಿಲ್ ಮೇಲೆ ಇಳಿಯುತ್ತಿದ್ದರೆ, ಒಂದು ಪ್ಲಸ್, ಒಂದು ಮೈನಸ್, ಕೂಡಿದರೆ ಸೊನ್ನೆ. ಆ ಸ್ವರವೇ ಮಾಯ. ತಂತಿಯ ಉದ್ದ 628 ಮಿಲಿಮೀಟರ್ ಇರುವ ಲೆಸ್ ಪಾಲ್ ಥರದ ಗಿಟಾರ್‌ನಲ್ಲಿ ದಪ್ಪ 'ಇ' ತಂತಿಗೆ ಹೀಗೆ ಮಾಯವಾಗುವುದು ಸುಮಾರು 2900 ಹರ್ಟ್ಸ್‌ನಲ್ಲಿ. 'ಎ' ತಂತಿಗೆ 3800ರ ಹತ್ತಿರ. ತಂತಿಯ ಶಬ್ದಕ್ಕೆ ಅಂಚು ಬರುವ ಜಾಗ ಅದು. ಸಣ್ಣ 'ಇ' ತಂತಿಗೆ ಅದು 11,500ಕ್ಕೆ ಹೋಗುತ್ತದೆ. ಗಿಟಾರ್ ಸ್ಪೀಕರ್ 5000 ದಾಟಿದ ಮೇಲೆ ಹೆಚ್ಚೇನೂ ಕೇಳಿಸುವುದಿಲ್ಲ, ಹಾಗಾಗಿ ಅಲ್ಲಿ ಏನು ಕಳೆದರೂ ನಮಗೆ ಗೊತ್ತಾಗುವುದಿಲ್ಲ. ದಪ್ಪ ತಂತಿಗಳೇ ಮಂಕಾಗುತ್ತವೆ ಅಂತ ನೀವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎರಡು ಕಾಯಿಲ್ ಸಮವಾಗಿಲ್ಲದಿದ್ದರೆ ಈ ಕಳೆಯುವ ಲೆಕ್ಕ ಸೊನ್ನೆಗೆ ಬರುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದೇ ನಿಮಗೆ ಬೇಕಾದ ಸ್ಪಷ್ಟತೆ. ಹಳೇ ಪಿಕಪ್‌ಗಳ ಗುಣದಲ್ಲೂ ಇದರ ಪಾಲು ಇದೆ ಅಂತ ನಾನು ನಂಬುತ್ತೇನೆ. ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದರು, ಅದು ಸಿಕ್ಕಿದ್ದು 1959ರಲ್ಲಿ. ಆ ಕಾಲದಲ್ಲಿ ಕಲಮಜೂ ಕಾರ್ಖಾನೆಯಲ್ಲಿ ಸುತ್ತಿದ ಕಾಯಿಲ್‌ಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ಒಂದೇ ಪಿಕಪ್‌ನಲ್ಲಿ ಒಂದು ಕಾಯಿಲ್‌ಗೆ ಕೆಲವು ನೂರು ಸುತ್ತು ಜಾಸ್ತಿ ಬಿದ್ದಿರುವುದು ಸಾಮಾನ್ಯ.

ಈಗ ಕೆಲಸ. ಬಿಚ್ಚುವ ಮೊದಲು ಅಳತೆ ನೋಡಿ. ಪೋಲ್ ಅಂದರೆ ಪ್ರತಿ ತಂತಿಯ ಕೆಳಗೆ ಕಾಯಿಲ್‌ನೊಳಗೆ ಇರುವ ಸ್ಟೀಲ್ ತುಂಡು; ಒಂದು ಕಾಯಿಲ್‌ನಲ್ಲಿ ಅದು ಸ್ಕ್ರೂ, ಇನ್ನೊಂದರಲ್ಲಿ ಸ್ಲಗ್ ಅನ್ನುವ ನುಣುಪಾದ ಗುಂಡು ಕಡ್ಡಿ. ಮೊದಲ ಪೋಲ್‌ನ ಮಧ್ಯದಿಂದ ಆರನೇ ಪೋಲ್‌ನ ಮಧ್ಯಕ್ಕೆ 49.2, 50, 52 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಸ್ಕ್ರೂ ಕಾಯಿಲ್ ಅದರ ಬೇಸ್‌ಪ್ಲೇಟ್‌ಗೆ (ತಳದ ತಗಡಿಗೆ) ಹೊಂದಬೇಕು, ಇಲ್ಲದಿದ್ದರೆ ಸ್ಕ್ರೂ ತೂತಿನಲ್ಲಿ ಇಳಿಯುವುದೇ ಇಲ್ಲ. ಸ್ಲಗ್ ಕಾಯಿಲ್‌ಗೆ ಆ ತೊಂದರೆ ಇಲ್ಲ. ಹಾಗಾಗಿ ಸ್ಕ್ರೂ ಕಾಯಿಲ್ಲನ್ನು ಅದರದೇ ಬೇಸ್‌ಪ್ಲೇಟ್ ಮೇಲೆ ಬಿಡಿ, ಸ್ಲಗ್ ಕಾಯಿಲ್ ಮಾತ್ರ ಅದಲು ಬದಲು ಮಾಡಿ. ಮ್ಯಾಗ್ನೆಟ್ ತೆಗೆಯುವ ಮೊದಲು ಅದು ಯಾವ ಮುಖವಾಗಿ ಕೂತಿತ್ತು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ.

ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೂ ಬಾಬಿನ್ ಅಲ್ಲಾಡುವುದಿಲ್ಲ, ಒಳಗೆ ಮೇಣ ಹಿಡಿದಿರುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಸುಮ್ನೆ ಎಳೆಯಬೇಡಿ. ನಾನು ಎಳೆದೆ. 42 ಗೇಜ್ ಕಾಯಿಲ್‌ನ ಶುರುವಿನ ಎಳೆ ಬುಡದಲ್ಲೇ ತುಂಡಾಯಿತು. ಎಷ್ಟು ಉಳಿದಿತ್ತು ಅಂದರೆ ಎಂಟು ಮಿಲಿಮೀಟರ್ ಇರಬಹುದು, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ತುಮಕೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಹಿರಿಯರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಣೆಗೇರಿಸಿ, ಬಾಬಿನ್ ಮೂಗಿನ ಹತ್ತಿರ ಹಿಡಿದು, "46ನೇ ನಂಬರ್ ಇರಬೇಕು" ಅಂದರು. ಅವರದು ಎಸ್‌ಡಬ್ಲ್ಯೂಜಿ (ಬ್ರಿಟಿಷ್ ಗೇಜ್) ಲೆಕ್ಕ, ಅಲ್ಲಿ 46 ಅಂದರೆ ನಾವು ಹೇಳುವ ಅಮೆರಿಕನ್ ಗೇಜ್‌ನ 42ರ ಹತ್ತಿರವೇ. ನಾನು ಬ್ಲೇಡ್ ತೆಗೆದೆ. "ಕೆರೀಬೇಡಪ್ಪ, ಕಟ್ಟಾಗುತ್ತೆ" ಅಂತ ಕೈ ತಡೆದರು. ಐರನ್ ತುದಿಯಲ್ಲಿ ಒಂದು ಹನಿ ಸಾಲ್ಡರ್ ಕರಗಿಸಿ, ಎಳೆಯ ತುದಿಯನ್ನು ಆ ಹನಿಯೊಳಗೆ ಎರಡು ಸೆಕೆಂಡ್ ಇಟ್ಟರು. ಸಣ್ಣಗೆ ಹೊಗೆ ಬಂತು, ಎನಾಮಲ್ ಸುಟ್ಟು ತುದಿ ಬೆಳ್ಳಗಾಯಿತು. ಆಮೇಲೆ ಅದಕ್ಕೆ ತೆಳ್ಳನೆಯ ವೈರ್ ಬೆಸೆದು, ಟೇಪ್ ಸುತ್ತಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಎಲ್ಲ ಎನಾಮಲ್ ಹೀಗೆ ಸುಡುವುದಿಲ್ಲ, ಹಳೇ ಕಾಲದ ಕಂದು ಎನಾಮಲ್ ಇದ್ದರೆ ನಯವಾದ ಉಪ್ಪುಕಾಗದದ ನಡುವೆ ಹಿಡಿದು ಮೆಲ್ಲಗೆ ಉಜ್ಜಬೇಕು.

ವೈರಿಂಗ್‌ನಲ್ಲಿ ಬಣ್ಣ ನಂಬಬೇಡಿ. ಒಂದೊಂದು ಕಂಪನಿಗೆ ಒಂದೊಂದು ಕ್ರಮ. ಡಂಕನ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ಹೊರಬರುವ ವೈರ್), ಡಿಮಾರ್ಜಿಯೋದಲ್ಲಿ ಕೆಂಪು. ನಾನು ಮಾಡುವುದು ಹೀಗೆ: ಮ್ಯಾಗ್ನೆಟ್ ಹಾಕಿ ಎರಡೂ ಕಾಯಿಲ್ ಕೂರಿಸಿ, ಮಲ್ಟಿಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ತಿರುಗಿಸಿ ಒಂದು ಕಾಯಿಲ್‌ಗೆ ಜೋಡಿಸಿ. ಪೋಲ್‌ಗಳ ಮೇಲೆ ಒಂದು ಸ್ಟೀಲ್ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ಟನೆ ಮೇಲಕ್ಕೆತ್ತಿ. ಅಂಕಿ ಕ್ಷಣಕ್ಕೆ ಪ್ಲಸ್ ಅಥವಾ ಮೈನಸ್ ಕಡೆ ಹಾರುತ್ತದೆ. ಪ್ಲಸ್ ಬಂದರೆ ಕೆಂಪು ಪ್ರೋಬ್ ಇರುವ ವೈರ್ ಆ ಕಾಯಿಲ್‌ನ ಪ್ಲಸ್. ಇನ್ನೊಂದು ಕಾಯಿಲ್‌ಗೂ ಹೀಗೇ ಮಾಡಿ. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಬೆಸೆಯಿರಿ. ಮುಗಿಯಿತು. ಒಂದೇ ಮ್ಯಾಗ್ನೆಟ್ ಎರಡು ಕಾಯಿಲ್‌ಗೂ ಎದುರುಬದುರು ಧ್ರುವ ಕೊಡುವುದರಿಂದ, ತಂತಿಯ ಸಿಗ್ನಲ್ ಕೂಡುವ ಹಾಗೆ ಜೋಡಿಸಿದರೆ ಹಮ್ ತಾನಾಗಿಯೇ ಕಳೆಯುತ್ತದೆ. ಕಾಯಿಲ್ ಯಾವ ದಿಕ್ಕಿಗೆ ಸುತ್ತಿದ್ದಾರೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾಲ್ಕೂ ವೈರ್ ಹೊರಗೆ ತನ್ನಿ, ಆಗ ಸ್ಪ್ಲಿಟ್ ಮಾಡುವಾಗ (ಸ್ವಿಚ್‌ನಿಂದ ಒಂದು ಕಾಯಿಲ್ ಬಿಟ್ಟು ಇನ್ನೊಂದನ್ನೇ ನುಡಿಸುವಾಗ) ದೊಡ್ಡ ಕಾಯಿಲ್ ಉಳಿಸಿಕೊಳ್ಳಬಹುದು. 6750 ಸುತ್ತಿನ ಕಾಯಿಲ್ ಒಂದೇ ನುಡಿದರೂ ತುಂಬಿಕೊಂಡು ಕೇಳುತ್ತದೆ. ಮಾಮೂಲಿ ಹಂಬಕರ್ ಸ್ಪ್ಲಿಟ್‌ನಲ್ಲಿ ಅದು ಸಿಗುವುದಿಲ್ಲ.

ಕೊನೆಗೆ ಮೇಣ, ಸುತ್ತಿದ ಎಳೆಗಳು ಅಲ್ಲಾಡದ ಹಾಗೆ ಪಿಕಪ್ಪನ್ನು ಅದರಲ್ಲಿ ಅದ್ದಬೇಕು. ಪ್ಯಾರಾಫಿನ್ ಜೊತೆ ಸ್ವಲ್ಪ ಜೇನುಮೇಣ, 65 ಡಿಗ್ರಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು. ನೇರವಾಗಿ ಒಲೆಯ ಮೇಲೆ ಯಾವತ್ತೂ ಇಡಬೇಡಿ, ಮೇಣಕ್ಕೆ ಬೆಂಕಿ ಹಿಡಿಯುತ್ತದೆ. 70 ದಾಟಿದರೆ ಬಾಬಿನ್ ಸೊಟ್ಟಗಾಗಬಹುದು.

ದೊಡ್ಡ ಕಾಯಿಲ್ ಬ್ರಿಜ್ ಕಡೆ ಬಂದರೆ ಶಬ್ದ ಹರಿತ, ನೆಕ್ ಕಡೆ ಬಂದರೆ ದುಂಡಗೆ. ನಿಮ್ಮ ದೂರು ಮಂಕಿನ ಬಗ್ಗೆ, ಹಾಗಾಗಿ ಬ್ರಿಜ್ ಕಡೆಯೇ ಇರಲಿ. ಮ್ಯಾಗ್ನೆಟ್‌ಗೆ ನಾನು ಆಲ್ನಿಕೋ 5 ಆರಿಸಿದೆ. ಸಿರಾಮಿಕ್ ಹಾಕಿ ನೋಡಿದ್ದೆ, ಸಣ್ಣ ತಂತಿಗಳು ಕಿವಿಗೆ ಚುಚ್ಚಿದವು. ಉಳಿದ ಎರಡು ಕಾಯಿಲ್ ಬಿಸಾಡಬೇಡಿ, ಅದೂ ಒಂದು ಹೈಬ್ರಿಡ್ಡೇ. ನನ್ನದು ಈಗ ನೆಕ್ ಕಡೆ ಇದೆ.

ಬಿಚ್ಚುವ ಮೊದಲು ನಾಲ್ಕೂ ಕಾಯಿಲ್‌ಗಳ ಓಮ್ ಮತ್ತು ಪೋಲ್ ಅಂತರ ಬರೆದು ಇಲ್ಲಿ ಹಾಕಿ. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.