ಕೊನೆಯ ಅರ್ಧ ಗಂಟೆಯನ್ನು ಕಿತ್ತುಕೊಳ್ಳಬೇಡಿ

ಓದುಗರ ಪತ್ರ: ಧರ್ಮ ಮತ್ತು ಮನಶ್ಶಾಸ್ತ್ರದ ಬಗ್ಗೆ ಒಂದು ಉಪನ್ಯಾಸ ಕೇಳಲು ಹೋಗಿದ್ದೆ. ಒಂದೂವರೆ ಗಂಟೆ ಮಾತು, ಆಮೇಲೆ ಪ್ರಶ್ನೋತ್ತರ. ಎದ್ದವರಲ್ಲಿ ಹೆಚ್ಚಿನವರು ಪ್ರಶ್ನೆ ಕೇಳಲೇ ಇಲ್ಲ, ತಮ್ಮ ಕಥೆ ಹೇಳಿಕೊಂಡರು. ಒಬ್ಬರಂತೂ ಇನ್ನೊಂದು ಭಾಷಣವನ್ನೇ ಮಾಡಿದರು. ಪ್ರಶ್ನೋತ್ತರ ನಿಲ್ಲಿಸಿ, ಉಪನ್ಯಾಸವನ್ನು 20 ನಿಮಿಷಕ್ಕೆ ಇಳಿಸಿ, ಸಾರಾಂಶ ಹಂಚಿದರೆ ಎಲ್ಲರ ಸಮಯ ಉಳಿಯುತ್ತದೆ ಅಲ್ವಾ? ಸಾರ್ವಜನಿಕ ಉಪನ್ಯಾಸಗಳ ಪರ ಸದಾ ಬರೆಯುವ ನೀವು ಇದನ್ನು ಯಾಕೆ ಹೇಳುವುದಿಲ್ಲ?

ಸಂಪಾದಕರ ಉತ್ತರ:

ನಿಮ್ಮ ದೂರಿನಲ್ಲಿ ನಿಜ ಇದೆ. ಮೈಕ್ ಸಿಕ್ಕರೆ ಬಿಡದವರಿದ್ದಾರೆ. ಹಾಳೆಯಿಂದ ತಲೆ ಎತ್ತದೆ ಓದಿಕೊಂಡು ಹೋಗುವ ಉಪನ್ಯಾಸಕರೂ ಇದ್ದಾರೆ. ಒಂದು ಗಂಟೆಗಿಂತ ಜಾಸ್ತಿ ಯಾರೂ ಮಾತಾಡಬಾರದು ಎಂದು ವಿಜ್ಞಾನಿ ಮೈಕೆಲ್ ಫ್ಯಾರಡೆ 1813ರಲ್ಲೇ ಗೆಳೆಯನಿಗೆ ಬರೆದಿದ್ದ. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಪ್ರಶ್ನೋತ್ತರ ನಿಲ್ಲಿಸಿ ಅಂದಿರಲ್ಲ, ಅದನ್ನು ಒಪ್ಪಲಾರೆ. ಸಾರ್ವಜನಿಕ ಉಪನ್ಯಾಸ ಇರುವುದೇ ಆ ಕೊನೆಯ ಅರ್ಧ ಗಂಟೆಗಾಗಿ ಅನ್ನುವವನು ನಾನು.

ಒಂದು ಸಂಗತಿ ಹೇಳುತ್ತೇನೆ. 1935ರಲ್ಲಿ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಲಂಡನ್ನಿನಲ್ಲಿ 5 ಉಪನ್ಯಾಸ ಕೊಟ್ಟ. ಟ್ಯಾವಿಸ್ಟಾಕ್ ಉಪನ್ಯಾಸಗಳು ಎಂದು ಅವು ಹೆಸರಾದವು. ಕೇಳುಗರಲ್ಲಿ ಬಹಳ ಮಂದಿ ವೈದ್ಯರು. ಮೂರನೆಯ ದಿನ ವೈದ್ಯನಲ್ಲದ ಯುವಕನೊಬ್ಬ ಬಂದು ಕೂತಿದ್ದ. ಅವನಿಗೆ ಆಗ ಮನೋಚಿಕಿತ್ಸೆ ಕೊಡುತ್ತಿದ್ದ ವಿಲ್ಫ್ರೆಡ್ ಬಯಾನ್ ಕರೆದುಕೊಂಡು ಬಂದಿದ್ದ. ಆ ಯುವಕ, ಮುಂದೆ ನಾಟಕಕಾರನಾಗಿ ಹೆಸರಾದ ಸ್ಯಾಮುಯೆಲ್ ಬೆಕೆಟ್. ಉಪನ್ಯಾಸ ಮುಗಿದು ಚರ್ಚೆ ನಡೆಯುತ್ತಿದ್ದಾಗ ಯೂಂಗ್ 10 ವರ್ಷದ ಹುಡುಗಿಯೊಬ್ಬಳ ವಿಚಾರ ತೆಗೆದ. ಅವಳಿಗೆ ಪುರಾಣಗಳಲ್ಲಿ ಬರುವಂಥ ಕನಸುಗಳು ಬೀಳುತ್ತಿದ್ದವು. ಅವಳು ಪೂರ್ತಿಯಾಗಿ ಹುಟ್ಟಿಯೇ ಇರಲಿಲ್ಲ ಅನ್ನುವ ಅರ್ಥದ ಮಾತನ್ನು ಯೂಂಗ್ ಹೇಳಿದ. ಹೇಳಿ ಮುಂದೆ ಹೋದ. ಬೆಕೆಟ್‌ಗೆ ಮಾತ್ರ ಆ ಮಾತು ಅಂಟಿಕೊಂಡಿತು. 20 ವರ್ಷ ದಾಟಿದ ಮೇಲೆ, 1957ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಅವನ ರೇಡಿಯೊ ನಾಟಕದಲ್ಲಿ ಮುದುಕಿಯೊಬ್ಬಳು ಇಂಥದೇ ಉಪನ್ಯಾಸವನ್ನೂ ಇಂಥದೇ ಹುಡುಗಿಯನ್ನೂ ನೆನಪು ಮಾಡಿಕೊಳ್ಳುತ್ತಾಳೆ. ನೀವು ಕೇಳುವ ಸಾರಾಂಶವನ್ನು ಅವತ್ತು ಬಾಗಿಲಲ್ಲೇ ಹಂಚಿದ್ದರೆ ಈ ಮಾತು ಅದರಲ್ಲಿ ಇರುತ್ತಿರಲಿಲ್ಲ. ಅದು ಸಿದ್ಧಪಡಿಸಿಕೊಂಡು ಬಂದ ಭಾಷಣದ್ದಲ್ಲ, ಚರ್ಚೆಯಲ್ಲಿ ಬಂದದ್ದು. ಪುಣ್ಯಕ್ಕೆ ಆ ಚರ್ಚೆಗಳನ್ನೂ ಉಪನ್ಯಾಸಗಳ ಜೊತೆ ಅಚ್ಚು ಹಾಕಿದ್ದಾರೆ, ಇವತ್ತಿಗೂ ಓದಬಹುದು.

‘ತಮ್ಮ ಕಥೆ ಹೇಳಿಕೊಂಡರು’ ಎಂದು ಬೇಸರಪಟ್ಟಿದ್ದೀರಿ. ಇದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಏನು ಹೇಳುತ್ತಿದ್ದ ಎಂದು ಯೋಚಿಸಿ. ಧರ್ಮ ಮತ್ತು ಮನಸ್ಸಿನ ಬಗ್ಗೆ ಇದುವರೆಗೆ ನಡೆದ ಉಪನ್ಯಾಸಗಳಲ್ಲಿ ಅವನು 1901-02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ 20 ಉಪನ್ಯಾಸಗಳಿಗೆ ಸಮ ಯಾವುದಿದೆ? ಅವು ತುಂಬಿರುವುದೇ ಜನರ ಸ್ವಂತ ಕಥೆಗಳಿಂದ. ಸಂತರ ಮಾತುಗಳ ಪಕ್ಕದಲ್ಲೇ ಹೆಸರೂ ಇಲ್ಲದ ಸಾಮಾನ್ಯರು ತಮ್ಮ ಭಯ, ಖಿನ್ನತೆ, ಪ್ರಾರ್ಥನೆಗಳ ಬಗ್ಗೆ ಬರೆದುಕೊಂಡದ್ದನ್ನು ಜೇಮ್ಸ್ ಉದ್ದುದ್ದ ಓದಿ ಹೇಳಿದ. ಎಡ್ವಿನ್ ಸ್ಟಾರ್‌ಬಕ್ ಎಂಬ ಮನಶ್ಶಾಸ್ತ್ರಜ್ಞ ಪ್ರಶ್ನಾವಳಿ ಕಳಿಸಿ ಸಂಗ್ರಹಿಸಿದ್ದ ಇಂಥ ಬರಹಗಳ ಕಟ್ಟನ್ನೇ ಜೇಮ್ಸ್‌ಗೆ ಕೊಟ್ಟಿದ್ದ. ಧರ್ಮವನ್ನು ಸಿದ್ಧಾಂತದಿಂದ ಅಲ್ಲ, ಅನುಭವದಿಂದ ಅರ್ಥ ಮಾಡಿಕೊಳ್ಳಬೇಕು ಅನ್ನುವುದೇ ಅವನ ವಾದ. ನಿಮ್ಮ ಸಭೆಯಲ್ಲಿ ಎದ್ದು ನಿಂತು, ಹರಕೆಯ ಬಗ್ಗೆಯೋ ಸಾವಿನ ಬಗ್ಗೆಯೋ ತಡವರಿಸುತ್ತ ಹೇಳಿದವರಿದ್ದಾರಲ್ಲ, ಅವರನ್ನು ಜೇಮ್ಸ್ ಮಧ್ಯದಲ್ಲಿ ತಡೆಯುತ್ತಿರಲಿಲ್ಲ. ಪೆನ್ನು ತೆಗೆದು ಬರೆದುಕೊಳ್ಳುತ್ತಿದ್ದ.

ಜೇಮ್ಸ್ ಮಾತಾಡಿದ ಆ ಗಿಫರ್ಡ್ ಉಪನ್ಯಾಸಮಾಲೆ ಹುಟ್ಟಿದ ಬಗೆಯೂ ತಿಳಿಯುವಂಥದ್ದು. ಆಡಮ್ ಗಿಫರ್ಡ್ ಎಂಬ ಸ್ಕಾಟ್ಲೆಂಡಿನ ನ್ಯಾಯಾಧೀಶ 1887ರಲ್ಲಿ ತೀರಿಕೊಂಡ. ಅಲ್ಲಿನ 4 ವಿಶ್ವವಿದ್ಯಾಲಯಗಳಿಗೆ 80,000 ಪೌಂಡ್ ಬರೆದಿಟ್ಟಿದ್ದ. ದೇವರು, ಧರ್ಮ, ನೀತಿಯ ಬಗ್ಗೆ ಉಪನ್ಯಾಸ ನಡೆಯಬೇಕು. ಮಾತಾಡುವವರು ಯಾವ ಧರ್ಮದವರಾದರೂ ಆಗಬಹುದು, ಧರ್ಮವೇ ಇಲ್ಲದವರೂ ಆಗಬಹುದು. ಕೇಳಲು ಊರವರೆಲ್ಲ ಬರಬಹುದು, ವಿದ್ಯಾರ್ಥಿಗಳೇ ಆಗಬೇಕಿಲ್ಲ. ದೇವರ ಬಗ್ಗೆ ನಾಸ್ತಿಕನಿಗೂ ವೇದಿಕೆ ಕೊಡಿ, ಕಾಲೇಜು ಮೆಟ್ಟಿಲು ಹತ್ತದವನಿಗೂ ಕುರ್ಚಿ ಕೊಡಿ ಎಂದು ಉಯಿಲಿನಲ್ಲಿ ಬರೆದು ಹೋಗುವುದು ಎಂಥ ದೊಡ್ಡ ಮನಸ್ಸು!

ಕೇಳುಗ ಎದುರು ಮಾತಾಡುವುದು ಯಾಕೆ ಮುಖ್ಯ ಅನ್ನುವುದನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಚೆನ್ನಾಗಿ ಕಂಡಿದ್ದ. 1917ರ ನವೆಂಬರ್‌ನಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳ ಎದುರು ಅವನು ಈ ಮಾತೆತ್ತಿದ. ತರಗತಿಯಲ್ಲಿ ವಿದ್ಯಾರ್ಥಿ ಬಾಯಿ ಮುಚ್ಚಿ ಕೂರಬೇಕು. ಹಾಗಿರುವಾಗ ಮೇಷ್ಟ್ರು ತನ್ನ ರಾಜಕೀಯ ನಿಲುವನ್ನು ಅಲ್ಲಿ ಹೇರುವುದು ಬೇಜವಾಬ್ದಾರಿ. ಹೇಳಲೇಬೇಕು ಅನ್ನಿಸಿದರೆ ಹೊರಗೆ ಹೋಗಿ, ಜನ ಟೀಕೆ ಮಾಡಬಹುದಾದ ಕಡೆ ಹೇಳಲಿ. ಪ್ರಶ್ನೆ ಇಲ್ಲದ ಸಾರ್ವಜನಿಕ ಉಪನ್ಯಾಸ ಅಂದರೆ, ಆ ಮುಚ್ಚಿದ ತರಗತಿಯನ್ನೇ ಹೊರಗೆ ತಂದು ಇಟ್ಟ ಹಾಗೆ.

ಪ್ರಶ್ನೆ ಬಾರದಿದ್ದರೆ ಮಾತಾಡುವವನಿಗೂ ನಷ್ಟ. ಪ್ಯಾರಿಸ್ಸಿನ ಕೊಲೇಜ್ ದ ಫ್ರಾನ್ಸ್‌ನಲ್ಲಿ ತತ್ವಶಾಸ್ತ್ರಜ್ಞ ಮಿಷೆಲ್ ಫೂಕೋ 1970ರ ಕೊನೆಯಿಂದ 1984ರವರೆಗೆ ಉಪನ್ಯಾಸ ಕೊಟ್ಟ. ಅಲ್ಲಿ ಹೆಸರು ನೋಂದಾಯಿಸಬೇಕಿಲ್ಲ, ಪರೀಕ್ಷೆ ಇಲ್ಲ, ಪದವಿಯೂ ಇಲ್ಲ. ಯಾರು ಬೇಕಾದರೂ ಬಂದು ಕೂರಬಹುದು. ಸಭಾಂಗಣ ತುಂಬಿ ಪಕ್ಕದ ಕೋಣೆಗೂ ಧ್ವನಿವರ್ಧಕ ಹಾಕಬೇಕಾಯಿತು. ಜನ ಕಡಿಮೆಯಾಗಲಿ ಎಂದು 1976ರಲ್ಲಿ ಸಂಜೆಯ ಉಪನ್ಯಾಸವನ್ನು ಬೆಳಗ್ಗೆ 9ಕ್ಕೆ ಬದಲಾಯಿಸಿದ. ಮೇಜಿನ ಮೇಲೆ ಕೇಳುಗರ ಟೇಪ್ ರೆಕಾರ್ಡರ್‌ಗಳ ಸಾಲು. ಇಷ್ಟಿದ್ದೂ ಅವನ ಕೊರಗು ಏನಾಗಿತ್ತು ಗೊತ್ತಾ? ಒಂದು ದಿನದ ಮಾತು ಸರಿಯಾಗಿ ಬಾರದಿದ್ದರೆ ಅದನ್ನು ಸರಿಮಾಡಲು ಒಂದೇ ಒಂದು ಪ್ರಶ್ನೆ ಸಾಕಿತ್ತು, ಆ ಪ್ರಶ್ನೆ ಬರಲೇ ಇಲ್ಲ. ನೂರಾರು ಜನರ ಮಧ್ಯೆ ತಾನು ಒಂಟಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್‌ನದು ಇನ್ನೂ ಮನಸ್ಸಿಗೆ ತಟ್ಟುವ ಸಂಗತಿ. 1915ರಿಂದ 1917ರವರೆಗೆ ವಿಯೆನ್ನಾದಲ್ಲಿ ಅವನು ಮಾತಾಡಿದ್ದು ವೈದ್ಯರೂ ಅಲ್ಲದವರೂ, ಗಂಡಸರೂ ಹೆಂಗಸರೂ ಸೇರಿದ ಸಭೆಗೆ. ಹೆಜ್ಜೆ ಹೆಜ್ಜೆಗೂ ‘ನೀವು ಹೀಗೆ ಆಕ್ಷೇಪ ಎತ್ತಬಹುದು’ ಎಂದು ನಿಂತು, ಉತ್ತರ ಕೊಟ್ಟು ಮುಂದೆ ಹೋಗುತ್ತಾನೆ. 1932ರಲ್ಲಿ ಅದರ ಮುಂದಿನ ಭಾಗ ಬರೆಯುವ ಹೊತ್ತಿಗೆ ಬಾಯಿಯ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಗಳಿಂದಾಗಿ ಸಭೆಯಲ್ಲಿ ಮಾತಾಡುವುದು ಆಗುತ್ತಿರಲಿಲ್ಲ. ಆದರೂ ಅದನ್ನು ಉಪನ್ಯಾಸವಾಗಿಯೇ ಬರೆದ. ಎದುರಿಗೆ ಸಭಿಕರಿದ್ದಾರೆ ಎಂದು ಕಲ್ಪಿಸಿಕೊಂಡು ಬರೆಯುತ್ತಿದ್ದೇನೆ ಎಂದು ಮುನ್ನುಡಿಯಲ್ಲೇ ಹೇಳಿದ್ದಾನೆ. ಎದುರು ಪ್ರಶ್ನೆ ಕೇಳುವವರು ಇಲ್ಲದೆ ಅವನಿಗೆ ಯೋಚನೆಯೇ ಓಡುತ್ತಿರಲಿಲ್ಲವೇನೋ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1928ರಲ್ಲಿ ಕೇಂಬ್ರಿಡ್ಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ಆಡಿದ ಮಾತು ಮರುವರ್ಷ ಪುಸ್ತಕವಾಯಿತಲ್ಲ, ಅದೂ ಶುರುವಾಗುವುದು ಕೇಳುಗರ ಆಕ್ಷೇಪದಿಂದಲೇ.

ಈಗ ನಮ್ಮ ಕಾಲದ ಸಂಘಟಕರನ್ನು ನೋಡಿ. ಸ್ವಾಗತಕ್ಕೆ ಸಮಯ ಇದೆ. ಉಪನ್ಯಾಸಕರ ಪದವಿ, ಪ್ರಶಸ್ತಿಗಳ ಪಟ್ಟಿ ಓದಲು ಸಮಯ ಇದೆ. ಅಧ್ಯಕ್ಷರು ಅದೇ ಮಾತನ್ನು ಮತ್ತೆ ಹೇಳಲು ಸಮಯ ಇದೆ. ಸಭಿಕರ ಸರದಿ ಬಂದಾಗ ಮಾತ್ರ ‘ಸಮಯದ ಅಭಾವ’. ಕೆಲವೆಡೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಿ ಅನ್ನುತ್ತಾರೆ. ಆಮೇಲೆ ಅದರಲ್ಲಿ ಮೆದುವಾದ ಎರಡನ್ನು ಆರಿಸಿ ಓದುತ್ತಾರೆ. ವಿಡಿಯೊ ಹಾಕುವವರು ಚಪ್ಪಾಳೆಗೆ ಕತ್ತರಿಸುತ್ತಾರೆ, ಪ್ರಶ್ನೋತ್ತರ ಎಲ್ಲೂ ಉಳಿಯುವುದಿಲ್ಲ. ಆಮೇಲೆ ಉಳಿದ ಭಾಷಣವನ್ನೂ ತುಂಡು ಮಾಡಿ ಒಂದೊಂದು ನಿಮಿಷದ ಚೂರುಗಳಾಗಿ ಹಂಚುತ್ತಾರೆ. ವಿದ್ವಾಂಸರೂ ಕಡಿಮೆಯಿಲ್ಲ. ಸಮಾಜದ ಬಗ್ಗೆ ಜೀವನವಿಡೀ ಬರೆದವರು ಆ ಸಮಾಜದ ಒಬ್ಬ ಸಾಮಾನ್ಯ ಮನುಷ್ಯ ಕೇಳುವ ಪ್ರಶ್ನೆಗೆ 10 ನಿಮಿಷ ನಿಲ್ಲುವುದಿಲ್ಲ. ತಮ್ಮ ತಮ್ಮಲ್ಲೇ ವಿಚಾರ ಸಂಕಿರಣ ಮಾಡಿಕೊಂಡು, ಜನ ಓದುವುದಿಲ್ಲ ಎಂದು ದೂರುತ್ತಾರೆ. ಇದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮಂಥ ಆಸಕ್ತ ಕೇಳುಗರೂ ಅವರ ಜೊತೆ ಸೇರಿ ‘ನಿಲ್ಲಿಸಿ’ ಅಂದರೆ ಹೇಗೆ?

ಉದ್ದ ಮಾತಾಡುವವರಿಗೆ ಮದ್ದಿದೆ. ಸಭೆ ನಡೆಸುವವರು ಗಟ್ಟಿಯಾಗಿರಬೇಕು. ಎರಡು ನಿಮಿಷ ಬಿಟ್ಟು, ‘ನಿಮ್ಮ ಪ್ರಶ್ನೆ ಏನು?’ ಎಂದು ನಯವಾಗಿ ಕೇಳಬೇಕು. ಅಷ್ಟೇ.

ಕೊನೆಗೊಂದು ಮಾತು. ನಿಮ್ಮ ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಹೀಗೆ ಬರೆದಿದ್ದೀರಿ: ‘ದೇವರನ್ನು ನಂಬದವರಿಗೂ ತಪ್ಪು ಮಾಡಿದೆ ಅನ್ನುವ ಕೊರಗು ಇಷ್ಟು ಜೋರಾಗಿ ಯಾಕೆ ಕಾಡುತ್ತದೆ ಎಂದು ಕೇಳಬೇಕಿತ್ತು, ಸಂಕೋಚದಿಂದ ಸುಮ್ನೆ ಕೂತೆ.’ ಇಡೀ ಪತ್ರದಲ್ಲಿ ನನಗೆ ಹಿಡಿಸಿದ್ದು ಇದೇ. ಈ ಕೊರಗನ್ನು ನಾಗರಿಕತೆಯ ಬೆಳವಣಿಗೆಯ ಅತಿ ಮುಖ್ಯ ಸಮಸ್ಯೆ ಎಂದು ಫ್ರಾಯ್ಡ್ 1930ರಲ್ಲಿ ಬರೆದ. ಅಂಥ ಪ್ರಶ್ನೆ ಇಟ್ಟುಕೊಂಡು ನೀವು ಬಾಯಿ ಬಿಡದೆ ಕೂತಿರಿ. ದಯವಿಟ್ಟು ಆ ಉಪನ್ಯಾಸಕರ ವಿಳಾಸವನ್ನು ಸಂಘಟಕರಿಂದ ಪಡೆದು ಇದನ್ನು ಬರೆದು ಕೇಳಿ. ಅವರ ಉತ್ತರ ಬಂದರೆ ನಮಗೂ ಕಳಿಸಿ. ನಿಮ್ಮ ಪ್ರಶ್ನೆಯ ಸಮೇತ ಅಚ್ಚು ಹಾಕುತ್ತೇವೆ.