ಸಂಬಳದ ಚೀಟಿಯಲ್ಲಿ ಎರಡಕ್ಷರ

ಜರ್ಮನಿಯಲ್ಲಿ ವರ್ಷವೂ ಲಕ್ಷಗಟ್ಟಲೆ ಜನ ಚರ್ಚಿನ ಸದಸ್ಯತ್ವ ತೊರೆಯುತ್ತಿರುವುದು ಬರೀ ಚರ್ಚ್ ತೆರಿಗೆ ತಪ್ಪಿಸಿಕೊಳ್ಳುವುದಕ್ಕೋ ಎಂದು ನೀವು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ಸ್ಟುಟ್‌ಗಾರ್ಟ್ ಬಳಿ ನೆಲೆಸಿ, ಆ ತೆರಿಗೆಯನ್ನು ಈಗಲೂ ಕಟ್ಟುತ್ತಿರುವ ಮಂಗಳೂರಿನ ಕಥೊಲಿಕನಾಗಿ ನನ್ನ ಉತ್ತರವೆಂದರೆ, ತೆರಿಗೆ ನೆಪ ಮಾತ್ರ. ಕಾರಣ ಅದಕ್ಕಿಂತ ಹಳೆಯದು.

ಇಲ್ಲಿ ಮನೆಯ ವಿಳಾಸ ನೋಂದಾಯಿಸುವಾಗಲೇ ಧರ್ಮ ಯಾವುದೆಂದು ಕೇಳುತ್ತಾರೆ. ನಾನು ಹೆಚ್ಚು ಯೋಚಿಸದೆ ಕಥೊಲಿಕ್ ಎಂದು ಬರೆದೆ. ಸಂಬಳದ ಚೀಟಿ ಬಂದಾಗ ಅದರಲ್ಲಿ ರೋಮನ್ ಕಥೊಲಿಕ್ ಎಂಬುದನ್ನು ಸೂಚಿಸುವ ‘ಆರ್‌ಕೆ’ ಎಂಬ ಎರಡಕ್ಷರವೂ ಚರ್ಚ್ ತೆರಿಗೆಯ ಕಡಿತವೂ ಇದ್ದವು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮತ್ತು ಬವೇರಿಯದಲ್ಲಿ ಇದು ಶೇ 8, ಉಳಿದೆಡೆ ಶೇ 9. ಹಲವರು ತಪ್ಪಾಗಿ ತಿಳಿದಿರುವಂತೆ ಇದು ಸಂಬಳದ ಶೇ 8 ಅಲ್ಲ, ಆದಾಯ ತೆರಿಗೆಯ ಶೇ 8: 10,000 ಯೂರೋ ತೆರಿಗೆ ಕಟ್ಟುವವನಿಗೆ 800 ಯೂರೋ. ಜರ್ಮನಿಯ ವೈಮಾರ್ ಸಂವಿಧಾನ 1919ರಲ್ಲಿ ಚರ್ಚುಗಳಿಗೆ ಖಾತ್ರಿಪಡಿಸಿದ ಈ ತೆರಿಗೆ ಎತ್ತುವ ಹಕ್ಕನ್ನು 1949ರ ಸಂವಿಧಾನವೂ ಉಳಿಸಿಕೊಂಡಿತು.

ಬಿಡುವುದು ಬಹಳ ಸುಲಭ. ನನ್ನ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ನೋಂದಣಿ ಕಚೇರಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಶುಲ್ಕ ಕಟ್ಟಿ, ಸಹಿ ಹಾಕಿ, ಎರಡು ಗಂಟೆಯ ಮೀಟಿಂಗಿಗೆ ವಾಪಸಾಗಿದ್ದರು. ಪಾದ್ರಿಯ ಮುಖ ನೋಡುವ ಪ್ರಮೇಯವೇ ಬರಲಿಲ್ಲ. ಆಕೆ ತಾವಾಗಿ ಚರ್ಚಿನ ಬಲಿಪೂಜೆಗೆ ಹೋದದ್ದು ಹದಿವಯಸ್ಸಿನಲ್ಲಿ ದೃಢೀಕರಣ ಸಂಸ್ಕಾರ ಪಡೆದ ವರ್ಷವೇ ಕೊನೆಯಂತೆ, ಅಂದರೆ ಮನಸ್ಸು ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ಕಾಗದವೂ ಬಿಟ್ಟಿತು. ಇದು ಆಕೆಯೊಬ್ಬರ ಕಥೆಯಲ್ಲ: ಸದಸ್ಯರಾಗಿ ಉಳಿದಿರುವ ಕಥೊಲಿಕರಲ್ಲೇ ಭಾನುವಾರದ ಪೂಜೆಗೆ ಬರುವವರು ಶೇ 6ರ ಆಸುಪಾಸು. ನಮ್ಮ ಧರ್ಮಕೇಂದ್ರದ ಪಾದ್ರಿ ಕೇರಳದವರು. ಇದೇ ವ್ಯುರ್ಟೆಂಬರ್ಗ್ ಸೀಮೆಯಿಂದ ಬಂದ ಮಿಷನರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು ನೆನಪಾದಾಗ, ದಾರಿ ಈಗ ತಿರುಗುಮುರುಗಾಗಿದೆ ಎನಿಸುತ್ತದೆ.

ಹೀಗೆ ಸಡಿಲಗೊಂಡಿದ್ದ ನಂಟನ್ನು ಕಡಿದುಹಾಕಿದ್ದು ಹಗರಣಗಳು. 1946ರಿಂದ 2014ರವರೆಗಿನ ಕಡತಗಳನ್ನು ಶೋಧಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು ಕಥೊಲಿಕ್ ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ 3,677 ಮಕ್ಕಳನ್ನು ಲೆಕ್ಕಹಾಕಿತು; 2022ರ ಜನವರಿಯಲ್ಲಿ ಇಂಥದೇ ದೌರ್ಜನ್ಯಗಳ ಕುರಿತ ಮ್ಯೂನಿಕ್ ಧರ್ಮಪ್ರಾಂತ್ಯದ ವರದಿಯೂ ಬಂತು. ಆ ಒಂದೇ ವರ್ಷ 5,22,000ಕ್ಕೂ ಹೆಚ್ಚು ಜನ ಕಥೊಲಿಕ್ ಚರ್ಚ್ ಬಿಟ್ಟರು. ಪ್ರೊಟೆಸ್ಟಂಟರಲ್ಲೂ ಸುಮಾರು 3,80,000 ಮಂದಿ ಹೊರನಡೆದರು ಎಂಬುದನ್ನು ಗಮನಿಸಿ. ಹಗರಣವೊಂದೇ ಕಾರಣವಾಗಿದ್ದರೆ ಅವರೇಕೆ ಹೋಗಬೇಕಿತ್ತು? ಎರಡೂ ಚರ್ಚುಗಳ ಸದಸ್ಯರು ಸೇರಿ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದದ್ದು ಅದರ ಹಿಂದಿನ ವರ್ಷ, 2021ರ ಕೊನೆಯ ಹೊತ್ತಿಗೆ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1950ರ ದಶಕದಿಂದಲೇ ಚರ್ಚಿನ ದೃಢೀಕರಣಕ್ಕೆ ಬದಲಾಗಿ ತನ್ನದೇ ಯುವದೀಕ್ಷೆಯ ಸಮಾರಂಭವನ್ನು ನಡೆಸಿ ಅಲ್ಲಿನ ಕುಟುಂಬಗಳನ್ನು ಬೇರುಸಮೇತ ಬಿಡಿಸಿದ್ದರಿಂದ, ಒಟ್ಟು ಅಂಕಿಯಲ್ಲಿ ಅದರ ಪಾಲೂ ಇದೆ.

ಹಾಗಾದರೆ ತೆರಿಗೆ ಏನು ಮಾಡುತ್ತದೆ? ಮೊದಲ ದೊಡ್ಡ ಸಂಬಳ ಬಂದ ಯುವಕನಿಗೆ ಅದು ‘ನೀನಿನ್ನೂ ಸದಸ್ಯನೇ?’ ಎಂದು ಕೇಳುತ್ತದೆ, ಅಷ್ಟೆ. ಇಂಥ ತೆರಿಗೆಯೇ ಇಲ್ಲದ ಪಕ್ಕದ ನೆದರ್‌ಲೆಂಡ್ಸ್‌ನಲ್ಲಿ 15 ವರ್ಷ ದಾಟಿದವರಲ್ಲಿ ಯಾವ ಧರ್ಮಕ್ಕೂ ಸೇರದವರು ಅರ್ಧಕ್ಕಿಂತ ಹೆಚ್ಚಾದದ್ದು 2017ರಲ್ಲಿ, ಜರ್ಮನಿಯ ಚರ್ಚುಗಳು ಬಹುಮತ ಕಳೆದುಕೊಳ್ಳುವುದಕ್ಕೂ ನಾಲ್ಕು ವರ್ಷ ಮೊದಲು.